ಮುಳುಗಿದ ಬೀಜದ ಕಾಡು

ಜಾತಕದ ಪೆಟ್ಟಿಗೆ ದ್ವೀಪಕ್ಕೆ ಬರುವ ದಿನ ಗುಲಾಬಿ ಪೂಜಾರ್ತಿ ಮಗಳ ಮದುವೆಗೆ ಉಟ್ಟಿದ್ದ ಸೀರೆಯನ್ನೇ ಉಟ್ಟು ದೋಣಿಕಟ್ಟೆಗೆ ಇಳಿದಳು. ಅದನ್ನು ಕಂಡು ಸುಮ್ಮನಿರುವ ಜನವೇ ಅವಳ ಗಂಡ ಶೀನ?

"ಎಂತದೇ, ಹೆಣ್ಣ್ ತೋರ್ಸುಕೆ ಹೊರ್ಟದ್ದಾ?"

"ನಿಮ್ಗೆ ಎಂತ ಗೊತ್ತಿತ್ತ್? ಇವತ್ತ್ ನನ್ನ ಮಕ್ಕಳ ಹಣೆಬರಹ ಓದ್ತ್ರ್" ಎಂದು ಅವಳು ಮುಖ ತಿರುವಿದಳು.

ಮಕ್ಕಳು ಅಂದರೆ ಮರಗಳು. ಒಂಬತ್ತು ಸಾವಿರದ ಇನ್ನೂರ ಹದಿನಾಲ್ಕು ಮರಗಳು. ಬೈಂದೂರಿನ ಕಡಲತೀರದಿಂದ ದೋಣಿಯಲ್ಲಿ ಒಂದೂವರೆ ತಾಸು ದೂರದ ಪತ್ರೆಗುಡ್ಡ ಎಂಬ ಈ ದ್ವೀಪಕ್ಕೆ ಮೂವತ್ತೊಂದು ವರ್ಷದ ಹಿಂದೆ ಗುಲಾಬಿ ಬಂದಾಗ ಇಲ್ಲಿದ್ದದ್ದು ಬೋಳುಗಲ್ಲು, ಲಂಟಾನದ ಪೊದೆ, ಮತ್ತು ಹಿಂಬದಿಯ ಇಳಿಜಾರಿನಲ್ಲಿ ಜೀವ ಹಿಡಿದುಕೊಂಡಿದ್ದ ಅರವತ್ತು ಮುದಿ ಮರಗಳು. ಕಡಲಪತ್ರೆ ಎಂದು ಅದರ ಹೆಸರು. ಘಟ್ಟದ ರಾಮಪತ್ರೆಯ ದಾಯಾದಿ. ಕಾಯಿ ಒಡೆದರೆ ಒಳಗೆ ಜಾಪತ್ರೆಯಂಥ ಕೆಂಪು ಪತ್ರೆ ಸುತ್ತಿದ ಕಪ್ಪು ಬೀಜ. ಕಡಲ ಪಾರಿವಾಳಗಳು ಅದನ್ನು ಇಡಿಯಾಗಿ ನುಂಗುತ್ತವೆ, ಬೇರೇನು ಕೊಟ್ಟರೂ ಮೂಸುವುದಿಲ್ಲ. ಮರ ಕಡಿಮೆಯಾದಂತೆ ಪಾರಿವಾಳವೂ ಕಡಿಮೆಯಾಯಿತು, ಪಾರಿವಾಳ ಕಡಿಮೆಯಾದಂತೆ ಬೀಜ ಬಿತ್ತುವವರಿಲ್ಲದೆ ಮರವೂ ಕಡಿಮೆಯಾಯಿತು. ಆ ಸುತ್ತು ಕಡಿಯಲೆಂದು ಸರ್ಕಾರ ಇಲ್ಲೊಂದು ನರ್ಸರಿ ತೆರೆಯಿತು.

ಗುಲಾಬಿಗೆ ಆಗ ಮೂವತ್ತೊಂದು. ಅವಳ ಅತ್ತೆಮನೆಯ ಗದ್ದೆಗೆ ಕಡಲು ನುಗ್ಗಿ, ಮೂರು ವರ್ಷ ಸಾಲಾಗಿ ಭತ್ತದ ಪೈರು ಉಪ್ಪಿಗೆ ಸುಟ್ಟುಹೋಗಿ, ಊರಿಗೆ ಊರೇ ಬೇಸಾಯಕ್ಕೆ ಕೈಮುಗಿದ ಕಾಲ ಅದು. ಅವಳಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ: ಬೀಜ ಆರಿಸುವುದು. ಹುಟ್ಟಿದಂದಿನಿಂದ ಅಮ್ಮನ ಕೈ ನೋಡಿ ಕಲಿತದ್ದು. ಆ ಕೈಯಿಂದ ಎದ್ದ ಸಸಿಗಳೇ ಈಗ ಕಾಡಾಗಿ ನಿಂತಿವೆ. ಬೇರೆ ದ್ವೀಪಗಳ ನರ್ಸರಿಯಿಂದ ಹೆಂಗಸರು ಬಂದು ಅವಳ ಹತ್ತಿರ ಕಲಿತು ಹೋದರು. ಇಲಾಖೆಯ ಕೈಪಿಡಿಯಲ್ಲಿ 'ಗುಲಾಬಿ ಪದ್ಧತಿ' ಎಂದು ಅಚ್ಚಾಗಿ, ಪಕ್ಕದಲ್ಲಿ ಅವಳ ಫೋಟೋ ಕೂಡ ಇದೆ. ಫೋಟೋದಲ್ಲಿ ಅವಳು ನಗುತ್ತಿಲ್ಲ. ನಗಬೇಕೆಂದು ಯಾರೂ ಹೇಳಿರಲಿಲ್ಲವಂತೆ.

ಮುದಿ ಮರಗಳು ಒಂದೊಂದಾಗಿ ಬಿದ್ದವು. ಈ ದ್ವೀಪದ ಕೊನೆಯ ತಾಯಿಮರ ಒಂಬತ್ತು ವರ್ಷದ ಹಿಂದೆ ಚಂಡಮಾರುತಕ್ಕೆ ಹೋಯಿತು. ಆಗಲೂ ಯಾರೂ ಎದೆ ಬಡಿದುಕೊಳ್ಳಲಿಲ್ಲ. ಒಂಬತ್ತು ಸಾವಿರ ಮಕ್ಕಳು ಬೆಳೆದು ನಿಂತಿರುವಾಗ ಮುದುಕಿ ಸತ್ತರೆ ಅದೇನು ಅಕಾಲ ಮರಣವೇ?

ಕಡಲಪತ್ರೆಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಕಾಯಿ ಬಿಡುವುದು ಹೆಣ್ಣು ಮಾತ್ರ. ಹೂ ಬಿಡುವವರೆಗೆ ಯಾವುದು ಯಾವುದೆಂದು ಬ್ರಹ್ಮನಿಗೂ ತಿಳಿಯದು. ಗಂಡು ಹದಿನೈದು ವರ್ಷಕ್ಕೆ ಹೂ ಬಿಟ್ಟರೆ ಹೆಣ್ಣಿಗೆ ಮೂವತ್ತಾಗಬೇಕು. ಹಾಗಾಗಿ ಇಷ್ಟು ವರ್ಷ ಗಂಡು ಹೂವನ್ನೇ ಕಂಡರೂ ಗುಲಾಬಿ, "ಬರ್ತ್ ಬರ್ತ್, ಹೆಣ್ಣ್ ಮಕ್ಕಳಿಗೆ ಸಿಂಗಾರಕ್ಕೆ ಸ್ವಲ್ಪ ಹೊತ್ತ್ ಬೇಕಲ್ದಾ" ಎನ್ನುತ್ತಿದ್ದಳು. ಮೊದಲ ಸಾಲಿನ ಮರಗಳಿಗೆ ಈ ವರ್ಷ ಮೂವತ್ತು ತುಂಬಿತ್ತು.

ಹೂವಿಗೆ ಕಾಯದೆ ಎಲೆಯಿಂದಲೇ ಗಂಡು ಹೆಣ್ಣು ಹೇಳುವ ಯಂತ್ರ ಮಾಡಿದವನು ಮೆಹಬೂಬ್ ನದಾಫ್, ಧಾರವಾಡದ ಕಡೆಯ ಸಸ್ಯವಿಜ್ಞಾನಿ. ಕಂಕುಳಲ್ಲಿ ಇಟ್ಟುಕೊಳ್ಳುವಷ್ಟೇ ದೊಡ್ಡ ಪೆಟ್ಟಿಗೆ. ಹಣೆಬೊಟ್ಟಿನಷ್ಟು ಎಲೆ ಕತ್ತರಿಸಿ ಒಳಗಿಟ್ಟರೆ ಒಂದು ವೀಳ್ಯ ಜಗಿಯುವಷ್ಟರಲ್ಲಿ ಬೆಳಕಿನ ಚುಕ್ಕಿ ಮೂಡುತ್ತದೆ. ಗಂಡಾದರೆ ನೀಲಿ, ಹೆಣ್ಣಾದರೆ ಕೆಂಪು. ಒಂದು ಸಲಕ್ಕೆ ಹನ್ನೆರಡು ಎಲೆ. ನರ್ಸರಿಯ ಹೆಂಗಸರು ಅದಕ್ಕೆ ಜಾತಕದ ಪೆಟ್ಟಿಗೆ ಎಂದು ಹೆಸರಿಟ್ಟರು. ಹೆಣ್ಣು ಮರಗಳನ್ನು ಗುರುತಿಸಿ, ಅವುಗಳ ಮೇಲೆ ನೆರಳು ಹಾಕುವ ಗಂಡು ಮರಗಳನ್ನು ಕಡಿದು, ಬೇಗ ಕಾಯಿ ಬರುವಂತೆ ಮಾಡುವುದು ಯೋಜನೆ.

"ಅಕ್ಕಾರ, ಯಾವ ಸಾಲಿಂದ ಶುರು ಮಾಡೂಣ್ರಿ?" ಎಂದ ನದಾಫ್.

"ಮೊದ್ಲ ಸಾಲಿಂದ. ಅವೇ ದೊಡ್ಡವು."

ಮೊದಲ ಹನ್ನೆರಡು ನೀಲಿ. ಮುಂದಿನ ಹನ್ನೆರಡೂ ನೀಲಿ. ಹೆಂಗಸರು ಸೆರಗು ಬಾಯಿಗೆ ಒತ್ತಿ ನಕ್ಕರು. "ಗುಲಾಬಕ್ಕ, ಇದೆಂತ ಗಂಡಸರ ಪಡೆಯಾ? ಇಷ್ಟ್ ಜನಕ್ಕೆ ಮದ್ವಿಗೆ ಹೆಣ್ಣ್ ಎಲ್ಲಿ ಹುಡ್ಕೂದ್?" ಗುಲಾಬಿಯೂ ನಕ್ಕಳು. ಸಂಜೆಯ ಹೊತ್ತಿಗೆ ಇನ್ನೂರ ನಲವತ್ತು ನೀಲಿ ಆಗಿ, ನಗು ನಿಂತಿತು. ಮೂರನೇ ದಿನ ನದಾಫ್ ಊಟಕ್ಕೆ ಬರಲಿಲ್ಲ.

ಯಂತ್ರ ಕೆಟ್ಟಿದೆ ಎಂದುಕೊಳ್ಳುವುದು ಎಲ್ಲರಿಗೂ ಸುಲಭವಿತ್ತು. ಆದರೆ ಅವನ ಹತ್ತಿರ ಹೆಣ್ಣು ಮರದ ಎಲೆಯೂ ಇತ್ತು. ಯಂತ್ರವನ್ನು ಹದಗೊಳಿಸಿದ್ದೇ ಅದರಿಂದ. ದಕ್ಷಿಣಕ್ಕೆ ಕೊಕ್ಕರೆಕಲ್ಲು ಎಂಬ ಇನ್ನೊಂದು ದ್ವೀಪದಲ್ಲಿ, ಬೇರೆಲ್ಲೂ ಇಲ್ಲದ, ಒಂದೇ ಒಂದು ಮುದಿ ತಾಯಿಮರ ಉಳಿದಿತ್ತು. ಅಲ್ಲಿಯ ನರ್ಸರಿ ನೋಡಿಕೊಳ್ಳುವ ಚಂದು ಗುಲಾಬಿಯ ಶಿಷ್ಯೆಯೇ. ಆ ಎಲೆ ಇಟ್ಟಾಗಲೆಲ್ಲ ಕೆಂಪು ಚುಕ್ಕಿ ಮೂಡುತ್ತಿತ್ತು. ಪತ್ರೆಗುಡ್ಡದ ಎಲೆ ಇಟ್ಟರೆ ನೀಲಿ.

ಹದಿನೇಳು ದಿನ ಅಳೆದರು. ಒಂಬತ್ತು ಸಾವಿರದ ಇನ್ನೂರ ಹದಿನಾಲ್ಕೂ ಗಂಡು.

ಹದಿನೆಂಟನೆಯ ದಿನ, ಸೋಮವಾರ ಬೆಳಗ್ಗೆ, ನದಾಫ್ ಗುಲಾಬಿಯನ್ನು ಪ್ರಯೋಗಶಾಲೆಗೆ ಕರೆದ. ಪ್ರಯೋಗಶಾಲೆ ಅಂದರೆ ಹಳೆಯ ಗೊಬ್ಬರದ ಕೋಣೆಗೆ ತಗಡು ಹೊದಿಸಿ ಫ್ಯಾನು ಹಾಕಿದ್ದು. ಗೋಡೆಯ ಪರದೆಯ ಮೇಲೆ ನಲವತ್ತು ಬೀಜಗಳ ಚಿತ್ರವಿತ್ತು. ನೂರು ವರ್ಷದ ಹಿಂದೆ ಯಾರೋ ಆರಿಸಿ ಗಾಜಿನ ಭರಣಿಯಲ್ಲಿ ಇಟ್ಟಿದ್ದ ಬೀಜಗಳಂತೆ. ಸತ್ತ ಬೀಜವಾದರೂ ಜಾತಕ ಓದಬಹುದು, ಮೊಳಕೆ ಮಾತ್ರ ಬರದು. ಅವುಗಳ ಎಕ್ಸ್‌ರೇ ತೆಗೆಸಿ ತರಿಸಿದ್ದ.

"ಅಕ್ಕಾರ, ಒಂದ್ ಮಾತು ಕೇಳ್ತೇನಿ. ನೀವು ಬೀಜ ಹೆಂಗ್ ಆರಿಸ್ತಿದ್ರಿ?"

ಗುಲಾಬಿಗೆ ಎಷ್ಟು ಸಲ ಹೇಳಿದರೂ ಬೇಸರವಾಗದ ವಿಷಯ ಅದು. ಸೊಂಟಕ್ಕೆ ಸೆರಗು ಸಿಕ್ಕಿಸಿ ಹೇಳತೊಡಗಿದಳು. "ಭತ್ತಕ್ಕೆ ನಮ್ಮಲ್ಲಿ ಉಪ್ಪುನೀರ್ ಮಾಡ್ತ್ರ್. ಕೋಳಿಮೊಟ್ಟೆ ಹಾಕಿ ಕಾಣ್ಕ್. ಮೊಟ್ಟೆ ತೇಲ್ರೆ ನೀರ್ ಹದ ಆಯ್ತ್. ಅದಕ್ಕೆ ಬೀಜ ಸುರಿದ್ರೆ ಗಟ್ಟಿ ಕಾಳ್ ಕೆಳಗೆ ಹೋತ್, ಜೊಳ್ಳು ಮೇಲೆ ಬತ್ತ್. ಜೊಳ್ಳು ಬಿತ್ತಿದವಳ ಮನೆಯಲ್ಲಿ ಅನ್ನ ಇಲ್ಲೆ ಅಂತ ನಮ್ಮಮ್ಮ ಹೇಳ್ತಿದ್ದಳ್. ಇಲ್ಲಿ ಉಪ್ಪು ಹಾಕೂದೂ ಬೇಡ, ಕಡಲೇ ಇತ್ತಲ್ಲ! ಡ್ರಮ್ಮಿಗೆ ಕಡಲ ನೀರ್ ತುಂಬ್ಸಿ ಬೀಜ ಸುರಿದೆ. ಅರ್ಧ ಮುಳುಗ್ತ್, ಅರ್ಧ ತೇಲ್ತ್. ಮುಳುಗಿದ್ದ್ ಮಾತ್ರ ನೆಟ್ಟದ್ದ್. ಡಾಕ್ಟ್ರೇ, ಒಂದ್ ಜೊಳ್ಳ್ ಬೀಜ ನನ್ನ ಕೈ ತಪ್ಪಿ ಹೋಗ್ಲಿಲ್ಲೆ."

ನದಾಫ್ ಮುಖ ತಗ್ಗಿಸಿ ಕೂತ.

"ಎಂತ ಆಯ್ತ್?"

"ಅಕ್ಕಾರ, ಈ ಚಿತ್ರ ನೋಡ್ರಿ." ಅವನು ಎದ್ದು ಪರದೆಯ ಮೇಲೆ ಬೆರಳಿಟ್ಟ. ಕೆಲವು ಬೀಜಗಳೊಳಗೆ, ತಿರುಳಿನ ಪಕ್ಕದಲ್ಲಿ, ಉಗುರಿನಷ್ಟು ಖಾಲಿ ಜಾಗವಿತ್ತು. "ಹತ್ತೊಂಬತ್ತು ಬೀಜದಾಗ ಗಾಳಿಗೂಡು ಐತ್ರಿ. ಹತ್ತೊಂಬತ್ತೂ ಹೆಣ್ಣು. ಉಳಿದ ಇಪ್ಪತ್ತೊಂದು ಗಟ್ಟಿ. ಅವು ಗಂಡು."

ಹೆಣ್ಣು ಬೀಜ ತೇಲಬೇಕು. ಪಾರಿವಾಳ ಸಿಗದಿದ್ದರೆ ಕಡಲ ಮೇಲೆ ತೇಲಿ ಇನ್ನೊಂದು ದ್ವೀಪ ಸೇರಬೇಕು, ಅಲ್ಲೊಂದು ಸಂಸಾರ ಹೂಡಬೇಕು. ಅದಕ್ಕೆಂದೇ ಪ್ರಕೃತಿ ಅದರ ಹೊಟ್ಟೆಯಲ್ಲಿ ಗಾಳಿ ತುಂಬಿ ಕಳುಹಿಸಿತ್ತು. ಯಾವ ಪುಸ್ತಕವೂ ಇದನ್ನು ಬರೆದಿರಲಿಲ್ಲ, ಏಕೆಂದರೆ ಯಾರೂ ನೋಡಿರಲಿಲ್ಲ.

ಗುಲಾಬಿಗೆ ಅರ್ಥವಾಗಲು ಬಹಳ ಹೊತ್ತೇನೂ ಬೇಕಾಗಲಿಲ್ಲ. ಅವಳು ದಡ್ಡಿಯಲ್ಲ. ಅರ್ಥವಾದ ಮೇಲೆ ಬಂದದ್ದು ಮಾತ್ರ ಸಿಟ್ಟು. "ಮೂವತ್ತೊಂದ್ ವರ್ಷ ಇಷ್ಟ್ ಜನ ದೊಡ್ಡ ದೊಡ್ಡವ್ರ್ ಬಂದ್ ಕಂಡ್ರಲ್ಲ, ಒಬ್ಬರಿಗೂ ಗೊತ್ತಾಗ್ಲಿಲ್ಯಾ? ಪುಸ್ತಕದಲ್ಲಿ ಅಚ್ಚು ಹಾಕ್ಸಿದ್ರಲ್ಲ! ಬೇರೆ ಎಂತದೋ ಕಾರಣ ಇತ್ತ್. ನಿಮ್ಮ ಪೆಟ್ಟಿಗೆ ಮಾತ್ ನಂಬಿ ನನ್ನ ತಲೆ ಮೇಲೆ ಗೂಬೆ ಕೂರಿಸ್ಬೇಡಿ!"

"ನಿಮ್ಮ ತಪ್ಪಂತ ನಾ ಎಲ್ಲಿ ಅಂದ್ನಿರೀ? ನಮ್ಮ ಮಂದೀನೂ ಕಣ್ಣು ಮುಚ್ಚಿಕೊಂಡು ಕುಂತಿದ್ರು."

ಅವಳು ಬಾಗಿಲವರೆಗೆ ಹೋದವಳು ತಿರುಗಿ ಬಂದಳು. "ಗಂಡನ್ನ ಹೆಣ್ಣ್ ಮಾಡುಕೆ ಆತಿಲ್ಯಾ? ನಿಮ್ಮ ಶಾಸ್ತ್ರದಲ್ಲಿ ಎಂತೆಂತದೋ ಇತ್ತಲ್ಲ."

"ಆಗೂದಿಲ್ರಿ. ಕೋಳಿ ಇದ್ದಂಗ ಇದು. ಹೆಣ್ಣಾಗೋ ಗುರುತು ಹೆಣ್ಣಿನ ಮೈಯಾಗಷ್ಟ ಇರ್ತೈತಿ. ಗಂಡಿನ ಮೈ ಎಷ್ಟ್ ಸೋಸಿದ್ರೂ ಸಿಗೂದಿಲ್ಲ." ಅವನು ಸ್ವಲ್ಪ ತಡೆದು ಹೇಳಿದ, "ಆದ್ರ ಒಂದು ದಾರಿ ಐತ್ರಿ. ಕೊಕ್ಕರೆಕಲ್ಲಿನ ತಾಯಿಮರ. ಅದರ ಚಿಗುರು ಕಡ್ಡಿ ತಂದು ನಿಮ್ಮ ಗಂಡು ಮರಕ್ಕ ಕಸಿ ಕಟ್ಟೂಣು. ನಿಮ್ಮ ಮರದ ಮ್ಯಾಲೆ ಹೆಣ್ಣು ಕೊಂಬೆ ಬೆಳಿತೈತಿ. ಕಸಿ ಕಟ್ಟಾವ್ರು ಶನಿವಾರ ಬರ್ತಾರ. ಹಣ್ಣು ಬಲಿಯೂದಕ್ಕ ಇನ್ನೂ ಒಂದ್ ತಿಂಗಳು ಐತಿ, ಆ ಬೀಜಾನೂ ಸಿಗ್ತಾವ. ಚಂದು ಅವರಿಗೆ ಇವತ್ತ ಫೋನ್ ಹಚ್ಚಿ, ತೇಲೂ ಬೀಜ ಒಗಿಬ್ಯಾಡ್ರಿ ಅಂತ ಹೇಳಿಬಿಡ್ತೇನಿ."

"ಬೇಡ" ಎಂದಳು ಗುಲಾಬಿ. "ಅವಳಿಗೆ ಕಲ್ಸಿದ್ದ್ ನಾನ್. ನಾನೇ ಹೇಳ್ತೆ. ಬೇರೆಯವ್ರ ಬಾಯಿಂದ ಅವಳ್ ಕೇಳೂದ್ ಬೇಡ."

ನದಾಫ್ ಒಪ್ಪಿದ. ತಾಯಿಯ ವಯಸ್ಸಿನ ಹೆಂಗಸು ಇಷ್ಟು ಕೇಳಿದರೆ ಇಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಒಂದು ತಿಂಗಳು ಇದೆಯಲ್ಲ, ಒಂದು ದಿನದಲ್ಲಿ ಮುಳುಗಿಹೋಗುವುದೇನು ಎಂದು ಅವನು ಲೆಕ್ಕ ಹಾಕಿದ.

ಗುಲಾಬಿ ಮನೆಗೆ ಬಂದವಳು ಅಡುಗೆಮನೆಯ ಹೊಸಿಲ ಮೇಲೆ ಕೂತಳು. ಎದುರಿಗೆ ಒಲೆ. ತೇಲಿದ ಬೀಜವೆಲ್ಲ ಹೋದದ್ದು ಅಲ್ಲಿಗೇ. ಕಡಲಿಗೆ ಚೆಲ್ಲಿದ್ದರೂ ಎಲ್ಲಾದರೂ ಮೊಳೆಯುತ್ತಿತ್ತೇನೋ, ಆದರೆ ಕಡಲಪತ್ರೆಯ ಬೀಜದಲ್ಲಿ ಎಣ್ಣೆ ಜಾಸ್ತಿ, ಒಂದು ಹಿಡಿ ಹಾಕಿದರೆ ಹಂಡೆ ನೀರು ಕಾಯುವಷ್ಟು ಉರಿ. ಚೆಲ್ಲುವುದುಂಟೇ? ಆ ಉರಿಯಲ್ಲಿ ಇಪ್ಪತ್ತೆರಡು ವರ್ಷ ಗಂಜಿ ಬೇಯಿಸಿದ್ದಳು. ಮಗಳ ಬಾಣಂತನದ ನೀರು ಕಾಯಿಸಿದ್ದಳು. ಬಂದವರಿಗೆಲ್ಲ, "ಕಾಣಿ, ನಮ್ಮಲ್ಲಿ ಜೊಳ್ಳು ಕೂಡ ದಂಡ ಆತಿಲ್ಲೆ" ಎಂದು ಹೆಮ್ಮೆಯಿಂದ ತೋರಿಸಿದ್ದಳು. ಒಲೆ ಹಚ್ಚಲು ಮನಸ್ಸಾಗದೆ ಆ ದಿನ ಇಬ್ಬರೂ ಅವಲಕ್ಕಿ ತಿಂದರು.

"ಫೋನ್ ಮಾಡಿದ್ಯಾ?" ಎಂದು ಕೇಳಿದ ಶೀನ.

"ನಾಳೆ ಮಾಡ್ತೆ."

ಮಂಗಳವಾರ ಬೆಳಗ್ಗಿನಿಂದ ಗಾಳಿ. ಮುಂಗಾರಿಗೆ ಮುಂಚಿನ ಗಾಳಿ, ಬಂದರೆ ಹೀಗೇ ಕಂಬ ಕಿತ್ತುಕೊಂಡು ಬರುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ಫೋನು ಬಡಿದುಕೊಂಡಿತು. ಚಂದುವಿನ ಹೆಸರು. ಗುಲಾಬಿ ನೋಡಿದಳು, ಕೈ ಮುಂದೆ ಚಾಚಲಿಲ್ಲ. ಕಚೇರಿಯವರು ಯಾರೋ ಅವಳಿಗೆ ಹೇಳಿರಬೇಕು, ಕೇಳಲು ಫೋನ್ ಮಾಡಿದ್ದಾಳೆ ಎಂದುಕೊಂಡಳು. ತಪ್ಪು ಮಾಡಿದವರಿಗೆ ಎಲ್ಲರ ಬಾಯಲ್ಲೂ ತಮ್ಮದೇ ಸುದ್ದಿ.

"ಎತ್ತೇ ಮಾರಾಯ್ತಿ" ಎಂದ ಶೀನ.

"ನನ್ನ ಕೈಯಲ್ಲಿ ಆತಿಲ್ಲೆ. ಎಂತ ಅಂತ ಹೇಳೂದ್? ಹನ್ನೆರಡ್ ವರ್ಷ ನೀನ್ ನೆಟ್ಟದ್ದೆಲ್ಲ ಗಂಡು ಅಂತ ಹೇಳೂದಾ? 'ಗುಲಾಬಕ್ಕ ನನ್ನ ಗುರು' ಅಂತ ಊರಿಡೀ ಹೇಳ್ಕೊಂಡ್ ಬತ್ತಳ್ ಅವಳ್."

"ಹೇಳ್ದೆ ಇದ್ರೆ ಗಂಡು ಹೋಗಿ ಹೆಣ್ಣಾತ್ತಾ?"

"ನೀವ್ ಸುಮ್ನಿರಿ. ಒಂದ್ ತಿಂಗಳ್ ಇತ್ತಂಬ್ರು."

ಫೋನು ನಿಂತಿತು. ಒಂದು ತಾಸು ಬಿಟ್ಟು ಮತ್ತೊಮ್ಮೆ ಬಡಿದುಕೊಂಡಿತು. ಗುಲಾಬಿ ಅದರ ಮೇಲೆ ಒಣಗಿದ ಟವೆಲು ಹಾಕಿ ಕಾಡಿಗೆ ಹೋದಳು.

ಬುಧವಾರವೂ ಕಾಡು, ಗುರುವಾರವೂ ಕಾಡು. ಗಂಡು ಮರಗಳು ಹೂ ಬಿಟ್ಟಿದ್ದವು. ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡ ಹಳದಿ ಹೂ, ಗೊಂಚಲು ಗೊಂಚಲು, ಗುಡ್ಡವಿಡೀ ಘಮಘಮ. ಮೊದಲು ಆ ವಾಸನೆ ಬಂದರೆ ಅವಳು ಬೇಕೆಂದೇ ನಿಂತು ಉಸಿರೆಳೆದುಕೊಳ್ಳುತ್ತಿದ್ದಳು. ಪುಟಾಣಿ ದುಂಬಿಗಳು ಮೈತುಂಬ ಹೂಪುಡಿ ಬಳಿದುಕೊಂಡು ಮರದಿಂದ ಮರಕ್ಕೆ ಹೋಗುತ್ತಿದ್ದವು. ಹೋದಲ್ಲೆಲ್ಲ ಗಂಡು. ಈ ಮರಗಳ ಆಯಸ್ಸು ಇನ್ನೂರು ವರ್ಷವೆಂದು ನದಾಫ್ ಹೇಳಿದ್ದು ನೆನಪಾಯಿತು. ಇನ್ನೂರು ವರ್ಷ ಹೀಗೇ ಹೂ ಬಿಡುತ್ತವೆ. ಅವಳು ಒಂದು ಮರವನ್ನು ತಬ್ಬಿ ಮನಸಾರೆ ಅತ್ತಳು, ಮೂಗು ಸೀನಿ ಸೆರಗಿಗೆ ಒರೆಸಿಕೊಂಡಳು. ನೆಟ್ಟವರ ಮೇಲೆ ಮರಕ್ಕೆ ಸಿಟ್ಟು ಬರುತ್ತದೆಯೇ? ಬಂದರೂ ಹೇಳಲು ಅದಕ್ಕೆ ಬಾಯಿಲ್ಲ.

ಎರಡೂ ದಿನ ನದಾಫ್ ಕೇಳಿದ. "ಹೇಳಿದ್ರೇನ್ರಿ ಅಕ್ಕಾರ?" ಎರಡೂ ದಿನ ಅವಳು, "ಇವತ್ತ್ ಹೇಳ್ತೆ" ಎಂದಳು. ಅವನು ಹೆಚ್ಚು ಒತ್ತಾಯಿಸಲಿಲ್ಲ. ಒತ್ತಾಯಿಸಿದರೆ ಅವಳ ಕಣ್ಣು ತುಂಬುತ್ತಿತ್ತು, ಅದನ್ನು ನೋಡಲು ಅವನಿಗೆ ಆಗುತ್ತಿರಲಿಲ್ಲ.

ಶುಕ್ರವಾರ ಬೆಳಗ್ಗೆ ಗುಲಾಬಿ ತಲೆಗೆ ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಫೋನು ಹಿಡಿದು ಪ್ರಯೋಗಶಾಲೆಗೆ ಬಂದಳು. "ನೀವ್ ಎದುರಿಗೇ ಇರಿ ಡಾಕ್ಟ್ರೇ. ನನ್ನ ಬಾಯಿ ಕಟ್ಟಿಹೋದ್ರೆ ನೀವೇ ಹೇಳಿ." ಫೋನಿನ ದನಿ ಇಬ್ಬರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು.

ಚಂದು ಒಂದೇ ಸಲಕ್ಕೆ ಎತ್ತಿದಳು. "ಗುಲಾಬಕ್ಕಾ! ನಿಮ್ಗೆ ಎರಡ್ ಸಲ ಫೋನ್ ಮಾಡಿದೆ ಮಂಗಳಾರ. ನೀವ್ ಕಾಡಲ್ಲಿದ್ರಿ ಅಂದ್ಕಂಡೆ. ಕಚೇರಿಗೂ ಹೇಳಿದೆ, ಬರ್ಕಂಡ್ರ್, ಮುಂದಿನ ವಾರ ಬತ್ತ್ರಂಬ್ರ್. ಅಕ್ಕ, ತಾಯಿಮರ ಹೋಯ್ತ್."

ನದಾಫ್ ಕುರ್ಚಿಯಿಂದ ಎದ್ದ.

"ಮಂಗಳಾರ ಗಾಳಿಗೆ. ಬುಡ ಸಮೇತ. ನಂಗೆ ಕೈಕಾಲೇ ಆಡ್ಲಿಲ್ಲೆ, ಎಂತ ಮಾಡೂದ್ ಅಂತ ನಿಮ್ಮ ಹತ್ರ ಕೇಳುವ ಅಂತ ಫೋನ್ ಮಾಡಿದ್ದ್" ಎಂದು ಚಂದು ಮೂಗೆಳೆದಳು.

ನದಾಫ್ ಮೇಜಿಗೆ ಬಗ್ಗಿ ಕೇಳಿದ, "ಚಂದು ಅವ್ರೇ, ನದಾಫ್ ಮಾತಾಡೂದು. ಕೊಂಬಿ ಅದಾವೇನ್ರಿ? ಹಸಿರು ಕೊಂಬಿ?"

"ಇಲ್ಲೆ ಸರ್. ಕಡಲ ಬದಿಗೇ ಬಿದ್ದದ್ದಲ್ದಾ, ಉಪ್ಪುನೀರ್ ಹೊಡ್ದ್ ಎರಡೇ ದಿನಕ್ಕೆ ಕಪ್ಪಾಯ್ತ್. ನಿನ್ನೆ ಕಡ್ದ್ ಸಸಿಗೆ ಬೇಲಿ ಕಟ್ಟಿದೊ." ಮತ್ತೆ ಅವಳ ದನಿ ಎದ್ದಿತು. "ಆದ್ರೆ ಗುಲಾಬಕ್ಕ, ನೀವ್ ಬೇಜಾರ್ ಮಾಡ್ಕಂಬೇಡಿ. ಮರ ಹೋದ್ರೂ ಬೀಜ ಬಿಡ್ಲಿಲ್ಲೆ ನಾವ್. ಮುಕ್ಕಾಲು ಬಲ್ತಿತ್. ಹೆಂಗಸ್ರ್ ಎಲ್ಲ ಗಾಳಿಯಲ್ಲೇ ಹೋಗಿ ಒಂದ್ ಕಾಯಿ ಬಿಡ್ದೆ ಹೆಕ್ಕಿದೊ. ಆರುನೂರರ ಮೇಲೆ ಬೀಜ ಸಿಕ್ತ್. ನೀವ್ ಕಲ್ಸಿದ ಹಾಗೇ ಡ್ರಮ್ಮಿಗೆ ಹಾಕಿ ಆರ್ಸಿದೆ. ಮುನ್ನೂರು ಗಟ್ಟಿ ಬೀಜ. ಈಗ ಮಣ್ಣಿಗೆ ಇಡ್ತಾ ಇದ್ದೊ."

ಗುಲಾಬಿ ಫೋನಿನತ್ತ ಬಗ್ಗಿದಳು. "ತೇಲಿದ್ದ್?"

"ಜೊಳ್ಳಾ? ಅದನ್ನೆಂತಕೆ ಇಟ್ಕಂಬುದ್ ಅಕ್ಕ? ನಿನ್ನೆ ಮಧ್ಯಾಹ್ನ ಎಲ್ಲರಿಗೂ ಗಂಜಿ ಬೇಯ್ಸುಕೆ ಒಲೆಗೆ ಹಾಕಿದೆ. ಎಂತಾ ಉರಿ ಅಂತ್ರಿ!"

ನದಾಫ್ ಗೋಡೆಯ ಕಡೆ ಮುಖ ಮಾಡಿ ನಿಂತ. ಗುಲಾಬಿ ಅವನನ್ನು ನೋಡಿದಳು. ನಾಲ್ಕು ದಿನ. ಸೋಮವಾರವಲ್ಲದಿದ್ದರೆ ಮಂಗಳವಾರ, ಮಂಗಳವಾರ ಬೇಡ, ನಿನ್ನೆ ಬೆಳಗ್ಗೆ ಫೋನು ಎತ್ತಿದ್ದರೂ ಸಾಕಿತ್ತು. ಅವಳು ಮೂವತ್ತೊಂದು ವರ್ಷ ಮಾಡಿದ್ದು ಗೊತ್ತಿಲ್ಲದೆ ಮಾಡಿದ್ದು. ಈ ನಾಲ್ಕು ದಿನ ಮಾಡಿದ್ದು ಗೊತ್ತಿದ್ದೂ ಮಾಡಿದ್ದು. ಲೋಕದಲ್ಲಿ ಉಳಿದಿದ್ದ ಕಡೆಯ ಹೆಣ್ಣು ಬೀಜಗಳು ಹತ್ತು ಹೆಂಗಸರ ಗಂಜಿಗೆ ಉರಿದು ಮುಗಿದಿದ್ದವು.

ಫೋನಿನ ಆ ಕಡೆ ಹೆಂಗಸರ ಮಾತು, ನಗು, ಮಣ್ಣಿಗೆ ನೀರು ಹೊಯ್ಯುವ ಸದ್ದು. "ಅಕ್ಕ? ಇದ್ರಿಯಾ? ನಾನ್ ಮಾಡಿದ್ದ್ ಸಮ ಆಯ್ತಲ್ದಾ?" ಎಂದು ಕೇಳಿದಳು ಚಂದು. ಗುರುವಿನ ಬಾಯಿಂದ ಒಂದು ಒಳ್ಳೆ ಮಾತು ಕೇಳುವ ಆಸೆ ಆ ದನಿಯಲ್ಲಿ ತುಂಬಿತ್ತು.

ನದಾಫ್ ತಿರುಗಿ, ಬೇಡ ಎಂಬಂತೆ ತಲೆಯಾಡಿಸಿದ. ಇನ್ನು ಹೇಳಿ ಏನು ಪ್ರಯೋಜನ? ಉಳಿಸಿಕೊಳ್ಳಲು ಏನೂ ಇಲ್ಲ. ಆ ಹೆಂಗಸರು ನೆಟ್ಟುಕೊಂಡಿರಲಿ, ಮೂವತ್ತು ವರ್ಷ ಕಾಯಲಿ, ಕಾಯುವಷ್ಟು ದಿನವಾದರೂ ಸಂತೋಷವಾಗಿರಲಿ ಎಂದು ಅವನ ಕಣ್ಣು ಹೇಳುತ್ತಿತ್ತು. ಗುಲಾಬಿಗೂ ಒಂದು ಕ್ಷಣ ಹಾಗೇ ಅನ್ನಿಸಿತು. 'ಸಮ ಆಯ್ತ್ ಮಗಳೇ' ಎಂದು ಫೋನು ಇಟ್ಟುಬಿಡುವುದು ಎಷ್ಟು ಸುಲಭ. ಕೇಳುವವರಿಗೂ ಹಿತ, ಹೇಳುವವರಿಗೂ ಹಿತ. ಸೋಮವಾರದಿಂದ ಅವಳು ಮಾಡಿದ್ದೂ ಅದನ್ನೇ.

"ಚಂದು" ಎಂದಳು. "ನಿನ್ನೊಟ್ಟಿಗೆ ಯಾರ್ಯಾರಿದ್ರ್?"

"ಎಲ್ಲರೂ ಇದ್ರ್ ಅಕ್ಕ."

"ಕೆಲಸ ನಿಲ್ಸಿ ಎಲ್ಲರನ್ನೂ ಹತ್ರ ಕರಿ. ಫೋನ್ ಜೋರ್ ಮಾಡ್."

ಆ ಕಡೆ ಕೈ ತೊಳೆದ ಸದ್ದು, ಹೆಜ್ಜೆಯ ಸದ್ದು, ಗುಲಾಬಕ್ಕನಂತೆ ಗುಲಾಬಕ್ಕ ಎಂಬ ಪಿಸುಮಾತು. ಹೊಗಳಿಕೆಗೆ ಕಾದು ಎಲ್ಲರೂ ಸುಮ್ಮನಾದರು.

"ಹೇಳಿ ಅಕ್ಕ, ಎಲ್ಲರೂ ಬಂದ್ರ್" ಎಂದಳು ಚಂದು.

ಗುಲಾಬಿ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಾನ್ ನಿಮ್ಗೆ ಕಲ್ಸಿದ್ದ್ ತಪ್ಪು, ಮಕ್ಕಳೇ" ಎಂದು ಶುರುಮಾಡಿದಳು.